ಅಮ್ಮ ಇಷ್ಟಪಟ್ಟು ತಿನ್ನುವ ಥಾಯ್ ಹಸಿರು ಕರಿಯಲ್ಲಿ ಸೀಗಡಿ ಇದೆಯಂತೆ. ಅವಳಿಗೆ ಹೇಳಲೇ, ಬೇಡವೇ?

ಮೂರನೇ ಅಡ್ಡರಸ್ತೆ
ಎಲ್ಲರಿಗೂ ನಮಸ್ಕಾರ. ನಾಲ್ಕು ದಿನದಿಂದ ಈ ವಿಷಯ ಮನಸ್ಸನ್ನು ಕೊರೆಯುತ್ತಿದೆ. ಮನೆಯಲ್ಲಿ ಯಾರ ಹತ್ತಿರವೂ ಹೇಳಿಕೊಳ್ಳಲು ಆಗದೆ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮನೆಯಿಂದ ಹತ್ತು ನಿಮಿಷ ನಡೆದರೆ ಒಂದು ಥಾಯ್ ಹೋಟೆಲ್ ಇದೆ. ಚಿಕ್ಕದು, ಒಟ್ಟು ಒಂಬತ್ತು ಮೇಜು. ಎರಡು ವರ್ಷದ ಹಿಂದೆ ಅಮ್ಮನಿಗೆ ಎಪ್ಪತ್ತು ತುಂಬಿದ ದಿನ ಬಲವಂತ ಮಾಡಿ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ತರಕಾರಿ ಹಾಕಿದ ಹಸಿರು ಕರಿ ಬಂತು. ಮೊದಲ ತುತ್ತಿಗೇ ಅಮ್ಮ "ಇದರಲ್ಲಿ ಮಜ್ಜಿಗೆ ಹುಲ್ಲು ಹಾಕಿದ್ದಾರೆ" ಎಂದಳು. ಬಟ್ಟಲಿನ ತಳದಲ್ಲಿ ಸುಂಡೆಕಾಯಿ ಸಿಕ್ಕಾಗಲಂತೂ ಅವಳ ಮುಖ ನೋಡಬೇಕಿತ್ತು. ತೀರ್ಥಹಳ್ಳಿ ಕಡೆಯ ತವರುಮನೆಯ ಹಿತ್ತಿಲು, ಅಲ್ಲಿಯ ಬೇಲಿ, ಬೇಲಿಯಂಚಿನ ಸುಂಡೆ ಗಿಡ, ಎಲ್ಲವನ್ನೂ ಅಂದು ರಾತ್ರಿ ನೆನೆಸಿಕೊಂಡಳು. ಅಂದಿನಿಂದ ತಿಂಗಳಿಗೊಮ್ಮೆ ಹೋಗುತ್ತೇವೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ ತಾನಾಗಿಯೇ "ಹೊರಗೆ ಹೋಗೋಣವೇ" ಎಂದು ಕೇಳುವುದು ಇದೊಂದಕ್ಕೆ ಮಾತ್ರ.

ಕಳೆದ ಶನಿವಾರ ಬಡಿಸುತ್ತಿದ್ದ ಹುಡುಗ ಹೊಸಬ. ಅಮ್ಮ ಕೈ ತೊಳೆಯಲು ಹೋದಾಗ ನನ್ನ ಹತ್ತಿರ ಬಂದು, "ಸರ್, ಅಮ್ಮ ಪೂರ್ತಿ ಸಸ್ಯಾಹಾರಿಯೇ? ಈ ಕರಿಯ ಮಸಾಲೆಯಲ್ಲಿ ಸೀಗಡಿ ಇದೆ, ಮೀನಿನ ಸಾಸ್ ಕೂಡ ಹಾಕುತ್ತಾರೆ" ಎಂದ. ಮೆನುವಿನಲ್ಲಿ ಆ ಖಾದ್ಯದ ಮುಂದೆ ಹಸಿರು ಚುಕ್ಕೆ ಇದೆ! ಮಾಲೀಕರನ್ನು ಕೇಳಿದರೆ, "ಒಳಗೆ ಹಾಕುವುದು ತರಕಾರಿಯೇ ಅಲ್ಲವೇ, ಮಸಾಲೆ ಎಲ್ಲದಕ್ಕೂ ಒಂದೇ" ಎಂದರು.

ಅಮ್ಮ ಹುಟ್ಟಿನಿಂದ ಮೊಟ್ಟೆಯನ್ನೂ ಮುಟ್ಟಿದವಳಲ್ಲ. ನನ್ನ ಪ್ರಶ್ನೆ ಎರಡು. ಅಮ್ಮನಿಗೆ ಹೇಳಬೇಕೇ? ಮತ್ತು ನಿಜವಾಗಿಯೂ ಸಸ್ಯಾಹಾರವಾದ ಥಾಯ್ ಊಟ ಎಂಬುದು ಇದೆಯೇ?

ಕೋರಿರೊಟ್ಟಿ
ಎರಡನೇ ಪ್ರಶ್ನೆಗೆ ಮೊದಲು ಉತ್ತರ. ಸಾಮಾನ್ಯವಾಗಿ ಇಲ್ಲ. ಹಸಿರು, ಕೆಂಪು ಎರಡೂ ಕರಿಯ ಮಸಾಲೆಗೆ 'ಕಪಿ' ಹಾಕಿಯೇ ರುಬ್ಬುತ್ತಾರೆ. ಸಣ್ಣ ಸೀಗಡಿಯನ್ನು ಉಪ್ಪು ಬೆರೆಸಿ, ಒಣಗಿಸಿ, ಕುಟ್ಟಿ, ಹುಳಿಯಲು ಬಿಟ್ಟ ಗಟ್ಟಿ ಮುದ್ದೆ ಅದು. ನಮ್ಮಲ್ಲಿ ಒಣ ಎಟ್ಟಿ (ಸೀಗಡಿ) ಚಟ್ನಿ ಮಾಡುವವರಿಗೆ ವಾಸನೆಯಲ್ಲೇ ಗೊತ್ತಾಗುತ್ತದೆ.

ರಾತ್ರಿಪಾಳಿ
ಹೇಳಬೇಡಿ. ಎರಡು ವರ್ಷ ಸಂತೋಷದಿಂದ ತಿಂದಿದ್ದಾರೆ. ಈಗ ಹೇಳಿ ಏನು ಸಾಧಿಸುತ್ತೀರಿ? ಗೊತ್ತಿಲ್ಲದೆ ತಿಂದದ್ದಕ್ಕೆ ದೋಷವಿಲ್ಲ. ಇನ್ನು ಮುಂದೆ ಏನಾದರೊಂದು ನೆಪ ಹೇಳಿ ಬೇರೆ ಹೋಟೆಲಿಗೆ ಕರೆದುಕೊಂಡು ಹೋಗಿ. ಮುಗಿಯಿತು.

ತೀರ್ಥಹಳ್ಳಿ ಕಡೆಯವಳು
ಮುಗಿಯಲಿಲ್ಲ ರಾತ್ರಿಪಾಳಿಯವರೇ. ನೆಪ ಹೇಳಿದರೆ ಅವರು ಮುಂದಿನ ತಿಂಗಳು ಮತ್ತೆ ಕೇಳುತ್ತಾರೆ. ಅದರ ಮುಂದಿನ ತಿಂಗಳೂ ಕೇಳುತ್ತಾರೆ. ಪ್ರತಿ ಸಲವೂ ಹೆತ್ತ ತಾಯಿಯ ಮುಂದೆ ಒಂದು ಹೊಸ ಸುಳ್ಳು ಹುಡುಕಬೇಕು.

ಬ್ಯಾಂಕಾಕಿನಿಂದ
ಹನ್ನೊಂದು ವರ್ಷದಿಂದ ಬ್ಯಾಂಕಾಕಿನಲ್ಲಿದ್ದೇನೆ, ಮೂಲ ಹಾಸನ, ಸಸ್ಯಾಹಾರಿ. ಕೋರಿರೊಟ್ಟಿಯವರು ಹೇಳಿದ್ದು ಸಾಮಾನ್ಯ ಹೋಟೆಲುಗಳ ಮಟ್ಟಿಗೆ ಸರಿ. ಆದರೆ 'ಇಲ್ಲ' ಎನ್ನುವುದು ತಪ್ಪು. ಇಲ್ಲಿ ಎರಡು ಪದ ಗೊತ್ತಿದ್ದರೆ ಬದುಕಬಹುದು.

ಒಂದು, 'ಮಂಗ್ಸವಿರತ್'. ಬಾಯಲ್ಲಿ ಹೇಳಿ ನೋಡಿ, ಮಾಂಸ ವಿರತಿ! ಥಾಯ್ ಭಾಷೆಯಲ್ಲಿ ಊಟಕ್ಕೆ 'ಆಹಾನ್' ಎನ್ನುತ್ತಾರೆ, ಅದೂ ನಮ್ಮ ಆಹಾರವೇ. ಪಾಲಿ, ಸಂಸ್ಕೃತದಿಂದ ಹೋದ ಇಂತಹ ಪದಗಳು ಅಲ್ಲಿ ರಾಶಿ ರಾಶಿ ಇವೆ. ಮಂಗ್ಸವಿರತ್ ಎಂದರೆ ಮೊಟ್ಟೆ, ಹಾಲು ಇರಬಹುದು.

ಇನ್ನೊಂದು, 'ಜೇ'. ಇದು ಚೀನೀ ಮೂಲದ ಬೌದ್ಧ ಪದ್ಧತಿ. ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ. ಬೆಳ್ಳುಳ್ಳಿ, ಈರುಳ್ಳಿಯೂ ಇಲ್ಲ. ಹಳದಿ ಬಾವುಟದ ಮೇಲೆ ಕೆಂಪಕ್ಷರದಲ್ಲಿ 'ಜೇ' ಎಂದು ಬರೆದು ಅಂಗಡಿಯ ಮುಂದೆ ನೇತುಹಾಕಿರುತ್ತಾರೆ. ಚೀನೀ ಪಂಚಾಂಗದ ಒಂಬತ್ತನೇ ತಿಂಗಳಲ್ಲಿ ಒಂಬತ್ತು ದಿನ ಇದರ ಹಬ್ಬ. ಫುಕೆಟ್‌ನಲ್ಲಿ ಅತಿ ದೊಡ್ಡದಾಗಿ ನಡೆಯುತ್ತದೆ, ಬ್ಯಾಂಕಾಕಿನ ಯಾವರಾತ್ ಬೀದಿಯಲ್ಲೂ ಜೋರು. ಬಹುತೇಕ ನಮ್ಮ ನವರಾತ್ರಿಯ ಆಸುಪಾಸಿನಲ್ಲೇ ಬರುತ್ತದೆ. ಆ ಒಂಬತ್ತು ದಿನ ನಾನು ಮನೆಯಲ್ಲಿ ಒಲೆ ಹಚ್ಚುವುದೇ ಇಲ್ಲ.

ಹುಬ್ಬಳ್ಳಿಯ ಹಸಿಮೆಣಸು
ಮಾಂಸ ವಿರತಿ! ಈ ಒಂದು ಪದಕ್ಕಾಗಿ ಇಂದು ಈ ಪುಟ ತೆರೆದದ್ದು ಸಾರ್ಥಕವಾಯಿತು.

ಕೋರಿರೊಟ್ಟಿ
ತಿದ್ದುಪಡಿ ಒಪ್ಪಿದೆ, ಬ್ಯಾಂಕಾಕಿನವರೇ. ನಾನು ಹೇಳಿದ್ದು ಇಲ್ಲಿಯ ಹೋಟೆಲುಗಳ ಬಗ್ಗೆ. ಆದರೆ ಒಂದು ಮಾತು ಕೇಳಬೇಕು. ತೆಂಗಿನಹಾಲು, ಮೆಣಸು, ಹುಳಿ, ಬೆಲ್ಲ ಎಲ್ಲವೂ ನಮ್ಮ ಕರಾವಳಿಯ ಅಡುಗೆಯಲ್ಲಿ ಇರುವಾಗ ಒಂದು ಬಟ್ಟಲು ಕರಿಗೆ ಐನೂರು ರೂಪಾಯಿ ಏಕೆ ಕೊಡಬೇಕು? ನಮ್ಮ ಗಸಿಗೂ ಇದಕ್ಕೂ ಏನು ಅಂತರ?

ಸಹಾಯಕ ಬಾಣಸಿಗ
ಅಂತರ ಇದೆ, ಅದೂ ಬುಡದಲ್ಲೇ. ಬೆಂಗಳೂರಿನ ಎರಡು ಹೋಟೆಲುಗಳ ಅಡುಗೆಮನೆಯಲ್ಲಿ ಆರು ವರ್ಷ ದುಡಿದಿದ್ದೇನೆ, ಕೈಯಾರೆ ಮಾಡಿದ್ದನ್ನೇ ಹೇಳುತ್ತೇನೆ. ನಮ್ಮ ಕರಾವಳಿಯಲ್ಲಿ ಎರಡನೇ ಹಾಲಿನಲ್ಲಿ ಬೇಯಿಸಿ, ಮೊದಲ ಗಟ್ಟಿ ಹಾಲನ್ನು ಕೊನೆಗೆ ಸುರಿದು, ಒಡೆಯದಂತೆ ಒಂದೇ ಕುದಿಗೆ ಇಳಿಸುತ್ತೇವೆ. ಥಾಯ್ ಅಡುಗೆಯಲ್ಲಿ ಇದು ತಲೆಕೆಳಗು. ಗಟ್ಟಿ ಹಾಲನ್ನೇ ಮೊದಲು ಬಾಣಲೆಗೆ ಹಾಕಿ, ಬೇಕೆಂದೇ ಒಡೆಸಿ, ಎಣ್ಣೆ ಬಿಡುವವರೆಗೆ ಕಾಯಿಸಿ, ಆ ಎಣ್ಣೆಯಲ್ಲೇ ಮಸಾಲೆ ಹುರಿಯುತ್ತಾರೆ. ಆಮೇಲೆ ತೆಳು ಹಾಲು. ಕೊನೆಗೆ ಕಾಮಕಸ್ತೂರಿಯ ಜಾತಿಯ ಎಲೆ.

ಇನ್ನು ಒಣ ಕೊಬ್ಬರಿಯ ಹುರಿದ ಮಸಾಲೆ, ಬ್ಯಾಡಗಿ ಮೆಣಸಿನ ಬಣ್ಣ, ಇವು ನಮ್ಮವು. ಅವರ ಹಸಿರು ಕರಿಯ ಮಸಾಲೆಯನ್ನು ಹಸಿಯಾಗಿಯೇ ಕುಟ್ಟುತ್ತಾರೆ, ಕೊತ್ತಂಬರಿ ಬೀಜ, ಜೀರಿಗೆ ಬಿಟ್ಟರೆ ಹುರಿಯುವುದು ಏನೂ ಇಲ್ಲ. ಹಾಗಾಗಿ ಬಾಯಿಗೆ ಇಟ್ಟಾಗ ಮೊದಲು ಬರುವುದು ಎಲೆ, ಹುಲ್ಲುಗಳ ಪರಿಮಳ.

ಮೂರನೇ ಅಡ್ಡರಸ್ತೆಯವರೇ, ಮಸಾಲೆ ಎಲ್ಲದಕ್ಕೂ ಒಂದೇ ಎಂದ ಮಾಲೀಕರು ಸುಳ್ಳು ಹೇಳಿಲ್ಲ. ಸಣ್ಣ ಅಡುಗೆಮನೆಯಲ್ಲಿ ಎರಡು ಡಬ್ಬಿ ಮಸಾಲೆ ಇಡುವುದು ಕೆಲಸ ಹೆಚ್ಚಿಸುತ್ತದೆ. ಆದರೆ ಹಸಿರು ಚುಕ್ಕೆ ಹಾಕಿದ್ದು ತಪ್ಪು, ಶುದ್ಧ ತಪ್ಪು. ನಾನು ಕೆಲಸ ಮಾಡಿದ ಎರಡನೇ ಕಡೆ ಸೀಗಡಿ ಇಲ್ಲದ ಮಸಾಲೆಯನ್ನು ಬೇರೆ ಕುಟ್ಟಿ, ಬೇರೆ ಬಣ್ಣದ ಮುಚ್ಚಳದ ಡಬ್ಬಿಯಲ್ಲಿ ಇಡುತ್ತಿದ್ದೆವು. ಮನಸ್ಸಿದ್ದರೆ ಆಗುತ್ತದೆ.

ಅಡುಗೆಮನೆ ಕಿಟಕಿ
ಅಂಗಡಿಯಲ್ಲಿ ಸಿಗುವ ಕರಿ ಮಸಾಲೆಯ ಪೊಟ್ಟಣಗಳಲ್ಲಿ ಹಸಿರು ಚುಕ್ಕೆ ಇರುವವೂ ಇವೆ, ಮಾಂಸಾಹಾರದ ಗುರುತು ಇರುವವೂ ಇವೆ. ಹಿಂಬದಿಯ ಸಣ್ಣಕ್ಷರ ಓದಿಯೇ ಕೊಳ್ಳಿ. ಈಗ ಮಾಂಸಾಹಾರದ ಗುರುತು ಕಂದು ಚುಕ್ಕೆಯಲ್ಲ, ಕಂದು ತ್ರಿಕೋನ.

ಎರಡು ಮಕ್ಕಳ ತಾಯಿ
ಎಲ್ಲರೂ ಇದನ್ನು ಮಡಿ, ನಂಬಿಕೆಯ ವಿಷಯವಾಗಿ ನೋಡುತ್ತಿದ್ದೀರಿ. ನನಗೆ ಇದು ಮಗುವಿನ ಜೀವದ ವಿಷಯ. ನಮ್ಮ ಚಿಕ್ಕವನಿಗೆ ಸೀಗಡಿ, ಏಡಿ ಆಗುವುದಿಲ್ಲ. ಕಳೆದ ವರ್ಷ ಒಂದು ಹೋಟೆಲಿನಲ್ಲಿ 'ತರಕಾರಿ ನೂಡಲ್ಸ್' ಎಂದು ಕೇಳಿ ತರಿಸಿದೆವು. ಅರ್ಧ ತಟ್ಟೆ ಮುಗಿಯುವಷ್ಟರಲ್ಲಿ ತುಟಿ ಊದಿಕೊಂಡಿತು, ಉಸಿರು ಎಳೆಯತೊಡಗಿದ. ಆಟೊ ಹಿಡಿದು ಆಸ್ಪತ್ರೆಗೆ ಓಡಿದೆವು. ಚುಚ್ಚುಮದ್ದು ಕೊಟ್ಟ ಮೇಲೆ ಸರಿಯಾಯಿತು. ಆಮೇಲೆ ಕೇಳಿದರೆ, ಒಣ ಸೀಗಡಿ ಪುಡಿ ಸ್ವಲ್ಪ ಹಾಕಿದ್ದೆವು ಎಂದರು.

ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮದಂತೆ ಹತ್ತು ಅಥವಾ ಅದಕ್ಕಿಂತ ಹೆಚ್ಚು ಕಡೆ ಮಳಿಗೆ ಇರುವ ಹೋಟೆಲುಗಳು ಅಲರ್ಜಿ ತರುವ ಪದಾರ್ಥಗಳ ಮಾಹಿತಿ ಕೊಡಬೇಕು. ಒಂಬತ್ತು ಮೇಜಿನ ಹೋಟೆಲ್ ಆ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಆ ಹೊಸ ಹುಡುಗನಂತಹವರು ಬಾಯಿ ಬಿಟ್ಟು ಹೇಳುವುದೇ ನಮಗಿರುವ ರಕ್ಷಣೆ.

ನಿವೃತ್ತ ಮೇಷ್ಟ್ರು
ಈ ಮಾತು ನನಗೆ ಬಹಳ ಮುಖ್ಯವೆನ್ನಿಸಿತು. ಮೂರನೇ ಅಡ್ಡರಸ್ತೆಯವರೇ, ಮಾಲೀಕರ ಹತ್ತಿರ ಮಾತನಾಡುವಾಗ ಆ ಹುಡುಗನ ಹೆಸರು ಹೇಳಿದಿರಾ?

ಮೂರನೇ ಅಡ್ಡರಸ್ತೆ
ಹೇಳಲಿಲ್ಲ. ಆದರೆ ಅಂದು ಬಡಿಸುತ್ತಿದ್ದವನು ಅವನೊಬ್ಬನೇ. ಅವರಿಗೆ ಗೊತ್ತಾಗಿರುತ್ತದೆ. ಇದೂ ನನ್ನ ಚಿಂತೆಗಳಲ್ಲೊಂದು. ಮಣಿಪುರದಿಂದ ಬಂದವನು, ಕೆಲಸಕ್ಕೆ ಸೇರಿ ಮೂರು ವಾರವಂತೆ.

ನಿವೃತ್ತ ಮೇಷ್ಟ್ರು
ಹಾಗಿದ್ದರೆ ಇವತ್ತೇ ಹೋಗಿ, ಮಾಲೀಕರ ಎದುರಿಗೇ ಅವನಿಗೆ ಧನ್ಯವಾದ ಹೇಳಿ. ಅವನು ಹೇಳಿದ್ದರಿಂದಲೇ ನೀವು ಆ ಹೋಟೆಲಿನ ಮೇಲೆ ದೂರು ಕೊಡಲಿಲ್ಲ ಎಂಬುದು ಅವರಿಗೆ ತಿಳಿಯಲಿ. ಊರು ಬಿಟ್ಟು ಇಷ್ಟು ದೂರ ಬಂದ ಹುಡುಗ, ಕೆಲಸ ಹೋಗಬಹುದು ಎಂದು ಗೊತ್ತಿದ್ದೂ ಹೇಳಿದ್ದಾನೆ.

ಲೆಕ್ಕಪತ್ರ
ಹೋಟೆಲಿನ ಮಾತು ಬಂದಿದೆ, ಒಂದು ಸಂಶಯ. ಇಂತಹ ಕಡೆ ಬಿಲ್ಲಿನಲ್ಲಿ ಶೇಕಡಾ 10 ಸೇವಾ ಶುಲ್ಕ ಸೇರಿಸಿರುತ್ತಾರೆ. ಕೊಡಲೇಬೇಕೇ? ಕಳೆದ ವಾರ ನಾನು ಬೇಡ ಎಂದಾಗ ದೊಡ್ಡ ಜಗಳವೇ ಆಯಿತು.

ರಾತ್ರಿಪಾಳಿ
ಕೊಡಬೇಕಾಗಿಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಹೊರಡಿಸಿದ ಮಾರ್ಗಸೂಚಿಯಂತೆ ಹೋಟೆಲಿನವರು ತಾವಾಗಿಯೇ ಸೇವಾ ಶುಲ್ಕ ಸೇರಿಸುವಂತಿಲ್ಲ. ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಆ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ತೆಗೆಯಿರಿ ಎಂದು ಕೇಳಿ. ಒಪ್ಪದಿದ್ದರೆ 1915ಕ್ಕೆ ಕರೆ ಮಾಡಿ. ಜಿಎಸ್‌ಟಿ ಬೇರೆ, ಅದನ್ನು ಕೊಡಲೇಬೇಕು.

ಸಹಾಯಕ ಬಾಣಸಿಗ
ಸೇವಾ ಶುಲ್ಕ ತೆಗೆಸಿ, ಸರಿ. ಆದರೆ ಚೆನ್ನಾಗಿ ಬಡಿಸಿದವನ ಕೈಗೆ ನೇರವಾಗಿ ಏನಾದರೂ ಕೊಟ್ಟು ಹೋಗಿ. ಆ ಶುಲ್ಕದಲ್ಲಿ ಹುಡುಗರಿಗೆ ಎಷ್ಟು ಸೇರುತ್ತದೆ ಎಂಬುದು ಒಳಗೆ ಇದ್ದವರಿಗೆ ಗೊತ್ತು.

ಹುಬ್ಬಳ್ಳಿಯ ಹಸಿಮೆಣಸು
ನನ್ನ ದೂರೇ ಬೇರೆ. ಬೆಂಗಳೂರಿನಲ್ಲಿ ನಾನು ತಿಂದ ಥಾಯ್ ಊಟವೆಲ್ಲ ಸಿಹಿ! ಪಾಯಸಕ್ಕೆ ಮೆಣಸು ಹಾಕಿದಂತೆ. ಥಾಯ್ ಊಟ ಖಾರ ಎಂದು ಕೇಳಿ ಹೋದವನಿಗೆ ನಿರಾಸೆ.

ಬ್ಯಾಂಕಾಕಿನಿಂದ
ಇಲ್ಲಿ ಬಂದು ನೋಡಿ, ಆ ಮಾತು ಹೇಳುವುದಿಲ್ಲ! ಇಲ್ಲಿಯ ಸಣ್ಣ ಮೆಣಸಿನ ಹೆಸರು 'ಪ್ರಿಕ್ ಖೀ ನೂ', ಇಲಿಹಿಕ್ಕೆ ಮೆಣಸು ಎಂದರ್ಥ. ನಮ್ಮ ಸೂಜಿಮೆಣಸಿನ ಬಳಗ. ಸೊಮ್ ತಮ್ ಎಂಬ ಪರಂಗಿಕಾಯಿಯ ಕೋಸಂಬರಿಗೆ ಅದನ್ನು ಒರಳಿನಲ್ಲಿ ಹಾಕಿ ಜಜ್ಜುವಾಗ ಎಷ್ಟು ಎಂದು ಕೇಳುತ್ತಾರೆ. ನಾನು ಎರಡು ಎನ್ನುತ್ತೇನೆ, ಪಕ್ಕದವರು ಹತ್ತು ಎನ್ನುತ್ತಾರೆ. (ಅದಕ್ಕೂ ಮೀನಿನ ಸಾಸ್, ಒಣ ಸೀಗಡಿ ಬೀಳುತ್ತದೆ. ಮೊದಲೇ ಹೇಳಿ ನಿಲ್ಲಿಸಬೇಕು.)

ಇನ್ನೊಂದು ವಿಷಯ. ನೂಡಲ್ಸ್ ಅಂಗಡಿಯ ಪ್ರತಿ ಮೇಜಿನ ಮೇಲೂ ನಾಲ್ಕು ಬಟ್ಟಲು ಇರುತ್ತವೆ. ಮೀನಿನ ಸಾಸ್, ಸಕ್ಕರೆ, ಒಣಮೆಣಸಿನ ತರಿ, ಮೆಣಸು ಹಾಕಿದ ವಿನೆಗರ್. ಉಪ್ಪು, ಸಿಹಿ, ಖಾರ, ಹುಳಿ ಯಾರಿಗೆ ಎಷ್ಟು ಬೇಕೋ ಅಷ್ಟು ಅವರೇ ಬೆರೆಸಿಕೊಳ್ಳುತ್ತಾರೆ. ಬಾಣಸಿಗ ಕೊಟ್ಟದ್ದೇ ಕೊನೆಯಲ್ಲ. ಬೆಂಗಳೂರಿನಲ್ಲಿ ಆ ಬಟ್ಟಲುಗಳನ್ನು ಇಡದೆ ಸಕ್ಕರೆಯನ್ನು ಮಾತ್ರ ಬಾಣಲೆಗೇ ಸುರಿದರೆ ಅದು ಥಾಯ್ ಊಟದ ಅರ್ಧ ಮಾತ್ರ.

ಸ್ಯಾನ್ ಹೊಸೆ ಕನ್ನಡಿಗ
ಅಮೆರಿಕದಲ್ಲಿ ಖಾರವನ್ನು ಒಂದರಿಂದ ಐದರವರೆಗೆ ಅಂಕ ಕೊಟ್ಟು ಕೇಳುತ್ತಾರೆ. ಕ್ಯಾಲಿಫೋರ್ನಿಯದಲ್ಲಿ ಥಾಯ್ ಹೋಟೆಲ್ ಇಲ್ಲದ ಊರಿಲ್ಲ, ಲಾಸ್ ಏಂಜಲಿಸ್‌ನಲ್ಲಿ 1999ರಿಂದ ಅಧಿಕೃತವಾಗಿ ಥಾಯ್ ಟೌನ್ ಎಂಬ ಬಡಾವಣೆಯೇ ಇದೆ. ಥಾಯ್ ಸರ್ಕಾರ 2000ದ ದಶಕದ ಆರಂಭದಿಂದ ಹೊರದೇಶಗಳಲ್ಲಿ ತಮ್ಮ ಹೋಟೆಲುಗಳು ಹೆಚ್ಚಲಿ ಎಂದು ಯೋಜನೆ ಹಾಕಿಕೊಂಡು ಬೆಂಬಲ ಕೊಟ್ಟಿತು. ಅವರ ವಾಣಿಜ್ಯ ಸಚಿವಾಲಯ 'ಥಾಯ್ ಸೆಲೆಕ್ಟ್' ಎಂಬ ಮುದ್ರೆಯನ್ನೂ ಕೊಡುತ್ತದೆ. ನಮ್ಮ ಸರ್ಕಾರ ಅಕ್ಕಿರೊಟ್ಟಿಗೂ, ಬಿಸಿಬೇಳೆ ಬಾತಿಗೂ ಹೀಗೆ ಮಾಡಿದರೆ ಎಷ್ಟು ಚೆನ್ನ!

ಇಲ್ಲಿಯೂ ಮೀನಿನ ಸಾಸಿನದೇ ತೊಂದರೆ. ಸಸ್ಯಾಹಾರಿ ಎಂದರೆ ಸಾಲದು, "ಮೀನಿನ ಸಾಸ್ ಬೇಡ, ಸೀಗಡಿ ಬೇಡ, ಮೊಟ್ಟೆ ಬೇಡ" ಎಂದು ಮೂರನ್ನೂ ಬಿಡಿಸಿ ಹೇಳುತ್ತೇನೆ.

ಅಡುಗೆಮನೆ ಕಿಟಕಿ
ಪಾದ್ ಥಾಯ್ ಎಂಬ ಹುರಿದ ನೂಡಲ್ಸ್ ಅಲ್ಲಿಯ ಸಾವಿರಾರು ವರ್ಷದ ಸಾಂಪ್ರದಾಯಿಕ ಖಾದ್ಯವಲ್ಲವೇ? ಅದರಲ್ಲಿ ಹುಣಸೆಹಣ್ಣು ಇದೆ, ನಮ್ಮಂತೆಯೇ.

ಸ್ಯಾನ್ ಹೊಸೆ ಕನ್ನಡಿಗ
ಅಷ್ಟು ಹಳೆಯದಲ್ಲ. ಪ್ರಧಾನಿ ಪ್ಲೇಕ್ ಫಿಬುನ್‌ಸೊಂಗ್‌ಖ್ರಾಮ್ ಕಾಲದಲ್ಲಿ ಜನಪ್ರಿಯಗೊಳಿಸಿದ ಖಾದ್ಯ ಅದು. ಸಯಾಂ ಎಂಬ ಹೆಸರು ಥಾಯ್ಲೆಂಡ್ ಎಂದು ಬದಲಾದದ್ದು 1939ರಲ್ಲಿ, ಅದೂ ಅವರದೇ ಆಡಳಿತದಲ್ಲಿ. ನೂಡಲ್ಸ್ ಹುರಿಯುವ ವಿದ್ಯೆ ಚೀನಿಯರಿಂದ ಬಂದದ್ದು, ಹುಣಸೆ, ತಾಳೆಬೆಲ್ಲ, ಮೀನಿನ ಸಾಸ್ ಸೇರಿ ಅದು ಅಲ್ಲಿಯದಾಯಿತು. ಮೆಣಸಿನಕಾಯಿಯೂ ಪೋರ್ಚುಗೀಸರ ಕಾಲದಲ್ಲೇ ಬಂದದ್ದು, ಅವರಿಗೂ ನಮಗೂ.

ತೀರ್ಥಹಳ್ಳಿ ಕಡೆಯವಳು
ನನಗೆ ಬೇರೊಂದು ಸಂಗತಿ ನೋವು ಕೊಟ್ಟಿದೆ. 'ಕಫ್ರಾವ್' ಎಂದು ಕೋಳಿಯ ಜೊತೆ ಹುರಿಯುವ ಎಲೆ ನಮ್ಮ ತುಳಸಿಯೇ ಎಂದು ಓದಿದೆ. ನಿಜವೇ? ಬೆಳಿಗ್ಗೆ ನೀರೆರೆದು ಪ್ರದಕ್ಷಿಣೆ ಹಾಕುವ ಗಿಡವನ್ನು ಮಾಂಸದ ಬಾಣಲೆಯಲ್ಲಿ ನೆನೆಸಿಕೊಳ್ಳಲೂ ಆಗುತ್ತಿಲ್ಲ.

ಬ್ಯಾಂಕಾಕಿನಿಂದ
ನಿಜ, ಅದೇ ಜಾತಿಯ ಗಿಡ. ಇಲ್ಲಿ ಅದು ಅಡುಗೆಯ ಸೊಪ್ಪು. ಮೊದಲ ವರ್ಷ ನನಗೂ ಕಷ್ಟವಾಯಿತು. ಆಮೇಲೆ ಮಾರುಕಟ್ಟೆಯಲ್ಲಿ ಕಟ್ಟು ಕಟ್ಟಾಗಿ ಮಾರುವುದನ್ನು ನೋಡಿ ನೋಡಿ ಅಭ್ಯಾಸವಾಯಿತು. ಹಸಿರು ಕರಿಗೆ ಹಾಕುವುದು ಬೇರೆ, ಅದರ ಹೆಸರು 'ಹೊರಪಾ', ಸಹಾಯಕ ಬಾಣಸಿಗರು ಹೇಳಿದಂತೆ ಕಾಮಕಸ್ತೂರಿಯ ಕಡೆಯದು.

ಕೋರಿರೊಟ್ಟಿ
ಅವರ ಗಿಡ, ಅವರ ಅಡುಗೆ. ಅದರಲ್ಲಿ ಅಗೌರವ ಎಲ್ಲಿದೆ? ನಮ್ಮಲ್ಲೂ ಬಾಳೆಲೆಯಲ್ಲಿ ನೈವೇದ್ಯವೂ ಆಗುತ್ತದೆ, ಮೀನೂ ಬೇಯುತ್ತದೆ.

ತೀರ್ಥಹಳ್ಳಿ ಕಡೆಯವಳು
ಬಾಳೆ ಬೇರೆ, ತುಳಸಿ ಬೇರೆ. ಅವರನ್ನು ನಾನು ದೂರಲಿಲ್ಲ. ನನಗೆ ಆಗುವುದಿಲ್ಲ ಎಂದೆ, ಅಷ್ಟೇ.

ಅಜ್ಜಿಯ ಬರಹ
ನನಗೆ ಅರವತ್ತೆಂಟು. ಮೊಮ್ಮಗಳು ಮೊಬೈಲಿನಲ್ಲಿ ಕನ್ನಡ ಬರೆಯುವುದನ್ನು ಕಲಿಸಿದ್ದಾಳೆ, ನಿಧಾನ. ಎಲ್ಲರೂ ಊರೆಲ್ಲ ಸುತ್ತಿ ಬಂದಿರಿ, ಆ ಮಗನ ಮೊದಲನೇ ಪ್ರಶ್ನೆ ಹಾಗೆಯೇ ಉಳಿದಿದೆ.

ನಾನೂ ಸಸ್ಯಾಹಾರಿ. ನನಗೆ ಹೀಗೇ ಆಗಿತ್ತು. ಮಗಳ ಮನೆಯಲ್ಲಿದ್ದಾಗ ಒಂದು ಹೊರಗಿನ ಕೇಕನ್ನು ಇಷ್ಟಪಟ್ಟು ವರ್ಷಗಟ್ಟಲೆ ತಿಂದೆ. ಅದರಲ್ಲಿ ಮೊಟ್ಟೆ ಇದೆ ಎಂದು ಮನೆಯ ಎಲ್ಲರಿಗೂ ಗೊತ್ತಿತ್ತು, ನನಗೊಬ್ಬಳಿಗೆ ಗೊತ್ತಿರಲಿಲ್ಲ. ಒಂದು ದಿನ ಪಕ್ಕದ ಮನೆಯವರ ಬಾಯಿಂದ ತಿಳಿಯಿತು. ಮೊಟ್ಟೆ ತಿಂದದ್ದಕ್ಕೆ ನಾನು ಅಳಲಿಲ್ಲ. ಅದು ಹೊಟ್ಟೆಗೆ ಹೋಗಿ ಎಂದೋ ಕರಗಿತು. ಮನೆಯವರೆಲ್ಲ ಸೇರಿ ನನ್ನನ್ನು ಏನೂ ತಿಳಿಯದವಳಂತೆ ನಡೆಸಿಕೊಂಡರಲ್ಲ, ಅದಕ್ಕೆ ಅತ್ತೆ. ಇನ್ನೂ ಆ ನೋವು ಹೋಗಿಲ್ಲ.

ಹೇಳಪ್ಪಾ. ಊಟ ಮಾಡುವಾಗ ಹೇಳಬೇಡ. ಬೆಳಿಗ್ಗೆ ಕಾಫಿಯಾದ ಮೇಲೆ, ಪಕ್ಕದಲ್ಲಿ ಕುಳಿತು ಹೇಳು.

ರಾತ್ರಿಪಾಳಿ
ಅಮ್ಮಾ, ನಿಮ್ಮ ಮಾತು ಓದಿದ ಮೇಲೆ ನನ್ನ ಮೊದಲಿನ ಉತ್ತರವನ್ನು ಹಿಂತೆಗೆದುಕೊಳ್ಳುತ್ತೇನೆ. ನಾನು ಮಗನ ಕಷ್ಟವನ್ನು ಮಾತ್ರ ನೋಡಿದೆ.

ಎರಡು ಮಕ್ಕಳ ತಾಯಿ
ಬೆಳಿಗ್ಗೆ ಕಾಫಿಯಾದ ಮೇಲೆ. ಇದಕ್ಕಿಂತ ಸರಿಯಾದ ಉತ್ತರ ಇಲ್ಲ.

ಸಹಾಯಕ ಬಾಣಸಿಗ
ಹೇಳಿದ ಮೇಲೆ ಅವರ ಮುಂದೆ ಇಡಲು ಒಂದು ಬಟ್ಟಲು ಕರಿಯೂ ಇರಲಿ. ಮನೆಯಲ್ಲೇ ಮಾಡಿ, ಕಷ್ಟವಿಲ್ಲ.

ನಾಲ್ಕು ಜನಕ್ಕೆ ಹತ್ತು ಹನ್ನೆರಡು ಹಸಿಮೆಣಸು, ಮಜ್ಜಿಗೆ ಹುಲ್ಲಿನ ಬುಡದ ಬಿಳಿ ಭಾಗ ಎರಡು, ಒಂದು ಅಂಗುಲ ದುಂಪರಾಸ್ಮೆ (ಶುಂಠಿಯ ಬಳಗದ ಗೆಡ್ಡೆ, ಗಲಂಗಲ್), ಸಣ್ಣ ಈರುಳ್ಳಿ ಐದಾರು, ಬೆಳ್ಳುಳ್ಳಿ ಆರೇಳು ಎಸಳು, ನಿಂಬೆಸಿಪ್ಪೆಯ ಹಸಿರು ತುರಿ, ಉಪ್ಪು. ನಾವು ಕಿತ್ತೆಸೆಯುವ ಕೊತ್ತಂಬರಿ ಸೊಪ್ಪಿನ ಬೇರು ಇದೆಯಲ್ಲ, ಅದನ್ನು ಮಣ್ಣು ಹೋಗುವಂತೆ ತೊಳೆದು ಒಂದು ಹಿಡಿ ಹಾಕಿ. ಬೇರಿಲ್ಲದೆ ಆ ಪರಿಮಳ ಬರುವುದೇ ಇಲ್ಲ. ಒಂದು ಚಮಚ ಕೊತ್ತಂಬರಿ ಬೀಜ, ಅರ್ಧ ಚಮಚ ಜೀರಿಗೆ ಹುರಿದು, ನಾಲ್ಕು ಬಿಳಿ ಮೆಣಸಿನ ಕಾಳಿನೊಂದಿಗೆ ಪುಡಿ ಮಾಡಿ. ಒರಳಿದ್ದರೆ ಒರಳಿನಲ್ಲಿ ಕುಟ್ಟಿ. ಮಿಕ್ಸಿಯಾದರೆ ನೀರು ಹಾಕದೆ ಸ್ವಲ್ಪ ತೆಂಗಿನಹಾಲು ಹಾಕಿ ತಿರುವಿ.

ಸೀಗಡಿಯ ಜಾಗಕ್ಕೆ ಹುದುಗಿಸಿದ ಸೋಯಾ ಕಾಳಿನ ಮುದ್ದೆ ಒಂದು ಚಮಚ. ಇದು ರಾಜಿಯಲ್ಲ. ಉತ್ತರ ಥಾಯ್ಲೆಂಡಿನಲ್ಲಿ ಸಮುದ್ರ ದೂರ, ಅಲ್ಲಿಯ ಜನ 'ತುವ ನಾವ್' ಎಂಬ ಹುದುಗಿಸಿದ ಸೋಯಾ ಬಿಲ್ಲೆಯನ್ನೇ ಹಿಂದಿನಿಂದಲೂ ಬಳಸುತ್ತಾರೆ. ಮೀನಿನ ಸಾಸಿನ ಜಾಗಕ್ಕೆ ತಿಳಿ ಸೋಯಾ ಸಾಸ್. ಕೊನೆಗೆ ತಾಳೆಬೆಲ್ಲ ಒಂದು ಚೂರು, ಕಾಮಕಸ್ತೂರಿ ಎಲೆ.

ಹುಬ್ಬಳ್ಳಿಯ ಹಸಿಮೆಣಸು
ಮೆಣಸು ಇಪ್ಪತ್ತು ಮಾಡಿಕೊಳ್ಳಿ. ಉಳಿದದ್ದು ಸರಿಯಿದೆ.

ಅಡುಗೆಮನೆ ಕಿಟಕಿ
ಶುಂಠಿ ಹಾಕಿದರೆ ಆಗುವುದಿಲ್ಲವೇ? ದುಂಪರಾಸ್ಮೆ ಹುಡುಕುವುದು ಎಲ್ಲಿ?

ಸಹಾಯಕ ಬಾಣಸಿಗ
ಶುಂಠಿ ಹಾಕಿದರೆ ಅದು ಶುಂಠಿಯ ಸಾರು. ದುಂಪರಾಸ್ಮೆಗೆ ಬೇರೆಯದೇ ಘಾಟು. ಗ್ರಂಥಿಗೆ ಅಂಗಡಿಯಲ್ಲಿ ಔಷಧಿಗೆಂದು ಒಣಗಿಸಿ ಇಟ್ಟಿರುತ್ತಾರೆ, ಅದು ಅಡುಗೆಗೆ ಅಷ್ಟು ಸೊಗಸಲ್ಲ. ಹಸಿಗೆಡ್ಡೆಯೇ ಬೇಕು.

ಲೆಕ್ಕಪತ್ರ
ಮಾವಿನಹಣ್ಣು, ಅಂಟು ಅಕ್ಕಿಯ ಸಿಹಿಯ ಬಗ್ಗೆ ಯಾರೂ ಏಕೆ ಬರೆಯಲಿಲ್ಲ? ನನ್ನ ಪ್ರಕಾರ ಥಾಯ್ ಊಟದಲ್ಲಿ ಸಸ್ಯಾಹಾರಿ ನೆಮ್ಮದಿಯಿಂದ ತಿನ್ನಬಹುದಾದದ್ದು ಅದೇ. ರಸಪುರಿ ಹಣ್ಣಿನಲ್ಲಿ ಮನೆಯಲ್ಲಿ ಮಾಡಿದೆ, ಅಕ್ಕಿ ಮಾತ್ರ ಅಂಟಲಿಲ್ಲ.

ಬ್ಯಾಂಕಾಕಿನಿಂದ
ಸೋನಾ ಮಸೂರಿ ಎಷ್ಟು ಬೇಯಿಸಿದರೂ ಮುದ್ದೆಯಾಗುತ್ತದೆಯೇ ಹೊರತು ಅಂಟಕ್ಕಿಯಾಗುವುದಿಲ್ಲ. ಅದು ಬೇರೆಯೇ ತಳಿ. ನಾಲ್ಕಾರು ಗಂಟೆ ನೆನೆಸಿ, ನೀರಿನಲ್ಲಿ ಬೇಯಿಸದೆ ಹಬೆಯಲ್ಲಿ ಬೇಯಿಸಬೇಕು. ಬಿಸಿ ಇರುವಾಗಲೇ ಸಿಹಿ ತೆಂಗಿನಹಾಲು ಕಲಸಬೇಕು. ಮೇಲೆ ಸುರಿಯುವ ಗಟ್ಟಿ ಹಾಲಿಗೆ ಉಪ್ಪು ಹಾಕುವುದನ್ನು ಮರೆಯಬೇಡಿ, ರುಚಿ ಇರುವುದೇ ಆ ಉಪ್ಪಿನಲ್ಲಿ. ಮತ್ತೆ ರಸಪುರಿ ರಸದ ಹಣ್ಣು, ಇದಕ್ಕೆ ಹೋಳು ಗಟ್ಟಿಯಾಗಿ ನಿಲ್ಲುವ ಬಾದಾಮಿ ವಾಸಿ.

ಇನ್ನೊಂದು ತಿಂಡಿ 'ಖನೋಮ್ ಖ್ರೋಕ್'. ಅಕ್ಕಿಹಿಟ್ಟು, ತೆಂಗಿನಹಾಲಿನದು, ಗುಳಿಯಿರುವ ಹಂಚಿನಲ್ಲಿ ಹುಯ್ಯುತ್ತಾರೆ. ಇಲ್ಲಿಗೆ ಬಂದ ಹೊಸತರಲ್ಲಿ ಬೀದಿಯಲ್ಲಿ ಆ ಹಂಚು ನೋಡಿ ನಿಂತುಬಿಟ್ಟೆ, ನಮ್ಮ ಮನೆಯ ಪಡ್ಡಿನ ಹಂಚೇ! ಅದನ್ನು ಮಾರುತ್ತಿದ್ದ ಹೆಂಗಸು "ಕಿನ್ ಖಾವ್ ರೂ ಯಂಗ್" ಎಂದು ಕೇಳಿದಳು. ಅನ್ನ ಉಂಡೆಯಾ ಎಂದು ಅರ್ಥ. ಊಟವಾಯಿತೇ ಎಂದು ಕೇಳುವವರ ಊರಿನಿಂದ ಬಂದವನಿಗೆ ಅಂದು ಹೇಗನ್ನಿಸಿರಬೇಡ.

ಮೂರನೇ ಅಡ್ಡರಸ್ತೆ
ಎಲ್ಲರಿಗೂ ವಂದನೆ. ನಿನ್ನೆ ಬೆಳಿಗ್ಗೆ, ಕಾಫಿಯಾದ ಮೇಲೆ, ಹೇಳಿದೆ.

ಅಮ್ಮ ಬಹಳ ಹೊತ್ತು ಮಾತನಾಡಲಿಲ್ಲ. ಲೋಟ ಹಿಡಿದುಕೊಂಡೇ ಕುಳಿತಿದ್ದಳು. ನನಗೆ ಎದೆ ಹಿಂಡಿದಂತಾಯಿತು. ಆಮೇಲೆ "ನಿನಗೆ ಎಂದಿನಿಂದ ಗೊತ್ತು" ಎಂದು ಕೇಳಿದಳು. ಶನಿವಾರದಿಂದ ಎಂದೆ. ತಲೆಯಾಡಿಸಿದಳು. ಎದ್ದು ಸ್ನಾನಕ್ಕೆ ಹೋದಳು, ದೇವರ ಮನೆಯಲ್ಲಿ ದಿನಕ್ಕಿಂತ ಹೆಚ್ಚು ಹೊತ್ತು ಇದ್ದಳು. ಮಧ್ಯಾಹ್ನ ಊಟಕ್ಕೆ ಕುಳಿತಾಗ ಅವಳೇ ಮಾತು ತೆಗೆದಳು. "ಆ ಹುಡುಗನ ಕೆಲಸ ಹೋಗಿಲ್ಲ ತಾನೇ?"

ಸಂಜೆ ಇಬ್ಬರೂ ಹೋದೆವು. ಹುಡುಗ ಇದ್ದ. ಅಮ್ಮ ಅವನ ತಲೆ ಸವರಿ, ಮನೆಯಿಂದ ತಂದ ಕೊಬ್ಬರಿ ಮಿಠಾಯಿಯ ಡಬ್ಬಿ ಕೊಟ್ಟಳು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಮಾಲೀಕರು ಹೊರಗೆ ಬಂದು ಕೈಮುಗಿದರು. ಹಸಿರು ಚುಕ್ಕೆಗಳ ಮೇಲೆ ಚೀಟಿ ಅಂಟಿಸುತ್ತೇನೆ, ಮೊದಲೇ ಹೇಳಿದರೆ ಸೀಗಡಿ ಇಲ್ಲದ ಮಸಾಲೆ ಬೇರೆ ಮಾಡಿಸುತ್ತೇನೆ ಎಂದರು. ಅಮ್ಮ ನೀರನ್ನು ಮಾತ್ರ ಕುಡಿದಳು. ಮತ್ತೆ ಅಲ್ಲಿ ಉಣ್ಣುತ್ತಾಳೋ ಇಲ್ಲವೋ, ಅದು ಅವಳಿಗೆ ಬಿಟ್ಟದ್ದು.

ಸಹಾಯಕ ಬಾಣಸಿಗರ ಪಾಕವನ್ನು ಓದಿ ಹೇಳಿದೆ. ಕೊತ್ತಂಬರಿ ಬೇರಿನ ಮಾತು ಬಂದಾಗ "ಅದನ್ನೇ ನಾನು ಗುರುತಿಸಲು ಆಗದೆ ಇದ್ದದ್ದು" ಎಂದಳು. ನಾಳೆಗೆ ಎಲ್ಲ ಹೊಂದಿಸಿದ್ದೇವೆ. ಸುಂಡೆಕಾಯಿ ಗಾಂಧಿ ಬಜಾರಿನಲ್ಲಿ ಸಿಕ್ಕಿತು. ದುಂಪರಾಸ್ಮೆ ಮೂರು ಕಡೆ ಕೇಳಿದೆ, ಎಲ್ಲಿಯೂ ಹಸಿಯದು ಇಲ್ಲ.

ಅಜ್ಜಿಯ ಬರಹ
ಒಳ್ಳೆಯದು ಮಾಡಿದೆ ಮಗು. ಅವರಿಗೆ ನನ್ನ ನಮಸ್ಕಾರ ತಿಳಿಸು.

ತೀರ್ಥಹಳ್ಳಿ ಕಡೆಯವಳು
ನಾಳೆ ಮಾಡಬೇಡಿ, ಎರಡು ದಿನ ತಡೆಯಿರಿ. ನಮ್ಮ ಹಿತ್ತಿಲಿನ ಬಚ್ಚಲ ನೀರು ಹರಿಯುವ ಕಡೆ ದುಂಪರಾಸ್ಮೆಯ ದೊಡ್ಡ ಹಿಂಡೇ ಇದೆ, ಅತ್ತೆ ಮೈಕೈ ನೋವಿನ ಕಷಾಯಕ್ಕೆಂದು ನೆಟ್ಟದ್ದು. ಇವತ್ತು ಅಗೆಸುತ್ತೇನೆ. ಮಜ್ಜಿಗೆ ಹುಲ್ಲೂ ಒಂದು ಕಟ್ಟು ಇಡುತ್ತೇನೆ. ರಾತ್ರಿಯ ಬಸ್ಸಿನಲ್ಲಿ ಹಾಕಿದರೆ ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಸಿಗುತ್ತದೆ, ಬಸ್ಸಿನ ವಿವರವನ್ನು ಖಾಸಗಿ ಸಂದೇಶದಲ್ಲಿ ಕಳುಹಿಸುತ್ತೇನೆ. ಗೆಡ್ಡೆಯಲ್ಲಿ ಎರಡು ಮೊಳಕೆ ಇರುವುದನ್ನು ಆರಿಸಿ ಇಡುತ್ತೇನೆ, ಅದನ್ನು ಅಡುಗೆಗೆ ಹಾಕಬೇಡಿ. ಒಂದು ಕುಂಡದಲ್ಲಿ ನೆಡಲು ತಾಯಿಯವರಿಗೆ ಹೇಳಿ.